ಬಲಪಕ್ಕೆ ನೋವು, ಸ್ಕ್ಯಾನ್ ನಾರ್ಮಲ್: ಕ್ಯಾಶುವಾಲ್ಟಿ ಡಾಕ್ಟರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ (ಹೆಸರು ಬೇಡ):
ಡಾಕ್ಟ್ರೇ, ನನಗೆ 26 ವರ್ಷ. ಹೋದ ವಾರ ಬಲಗಡೆ ಪಕ್ಕೆಲುಬಿನ ಕೆಳಗೆ ತಡೆಯಲಾಗದ ನೋವು ಬಂತು. ಉಸಿರೆಳೆದರೆ, ಕೆಮ್ಮಿದರೆ ಚುಚ್ಚುತ್ತಿತ್ತು. ಭುಜದವರೆಗೂ ಹೋಗುತ್ತಿತ್ತು. ಕ್ಯಾಶುವಾಲ್ಟಿಯಲ್ಲಿ ಪಿತ್ತಕೋಶದ ಕಲ್ಲಿರಬಹುದು ಅಂದರು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ, ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮತ್ತೆ ನೋವು ಬಂದಾಗ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿನ ಲೇಡಿ ಡಾಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿ, ಒಳಪರೀಕ್ಷೆ ಮಾಡಿ, ಸ್ವಾಬ್ ತೆಗೆದರು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮಿಡಿಯಾ ಸೋಂಕು ಪಾಸಿಟಿವ್. ಸೋಂಕು ಗರ್ಭಕೋಶದಲ್ಲಿ, ನೋವು ಲಿವರ್ ಹತ್ತಿರ! ಇದು ಹೇಗೆ? ಯಜಮಾನರ ಮೇಲೆ ಅನುಮಾನ ಪಡಬೇಕಾ?

ಉತ್ತರ:
ನೋಡಿ, ಇದಕ್ಕೆ ಫಿಟ್ಜ್-ಹ್ಯೂ ಕರ್ಟಿಸ್ ಸಿಂಡ್ರೋಮ್ ಅಂತಾರೆ. ಗರ್ಭನಾಳಗಳ ತುದಿ ಹೊಟ್ಟೆಯೊಳಗೆ ತೆರೆದುಕೊಂಡೇ ಇರುತ್ತದೆ. ಸೋಂಕು ಅಲ್ಲಿಂದ ಹೊರಬಿದ್ದು, ಹೊಟ್ಟೆಯ ಬಲಬದಿಯ ಓಣಿ ಹಿಡಿದು ಮೇಲೆ ಹೋಗಿ ಲಿವರ್‌ನ ಹೊರಪೊರೆಗೆ ತಗಲುತ್ತದೆ. ಬಾಧೆ ಇರುವುದು ಆ ಪೊರೆಗೆ, ಲಿವರ್‌ಗಲ್ಲ. ಅದಕ್ಕೇ ಲಿವರ್ ಟೆಸ್ಟ್ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ, ಇಲ್ಲವೇ ಸ್ವಲ್ಪ ಏರಿರುತ್ತದೆ. ಉಸಿರೆಳೆದಾಗ ಲಿವರ್ ಕೆಳಗೆ ಸರಿಯುತ್ತದಲ್ವಾ, ಆಗ ಪೊರೆ ಉಜ್ಜಿ ಚುಚ್ಚುತ್ತದೆ. ವಾಸಿಯಾಗುವಾಗ ಲಿವರ್‌ಗೂ ಹೊಟ್ಟೆಯ ಒಳಗೋಡೆಗೂ ನಡುವೆ ವಯಲಿನ್ ತಂತಿಯಂತೆ ಎಳೆಗಳು ಬೆಳೆಯುತ್ತವೆ. ಕರ್ಟಿಸ್ ಇದನ್ನು 1930ರಲ್ಲಿ ಬರೆದರು, ಫಿಟ್ಜ್-ಹ್ಯೂ 1934ರಲ್ಲಿ. ಆಗ ಕಾರಣ ಗೊನೋರಿಯಾ (ಇದೂ ಲೈಂಗಿಕವಾಗಿ ಹರಡುವ ಸೋಂಕೇ) ಎಂದಷ್ಟೇ ಗೊತ್ತಿತ್ತು. ಈಗ ಕ್ಲಮಿಡಿಯಾದ್ದೇ ಜಾಸ್ತಿ.

ಮೊದಲು ನೋಡಿದವರು ಕಲ್ಲು ಅಂದುಕೊಂಡಿದ್ದರಲ್ಲಿ ತಪ್ಪಿಲ್ಲ, ನಾನೂ ಅದನ್ನೇ ಮೊದಲು ನೋಡುತ್ತೇನೆ. ಆದರೆ ಸ್ಕ್ಯಾನ್ ನಾರ್ಮಲ್ ಬಂದ ಮೇಲೆ ‘ಗ್ಯಾಸ್’ ಅಂತ ಬರೆದು ಮುಗಿಸಬಾರದು. ಈ ವಯಸ್ಸಿನ ಹೆಣ್ಣುಮಕ್ಕಳು ಹೊಟ್ಟೆನೋವು ಅಂತ ಬಂದರೆ ಮೊದಲು ಮೂತ್ರದಲ್ಲಿ ಪ್ರೆಗ್ನೆನ್ಸಿ ಟೆಸ್ಟ್. ನಾಳದಲ್ಲಿ ಗರ್ಭ ನಿಂತಿದ್ದರೆ ಜೀವಕ್ಕೇ ಅಪಾಯ. ಉಸಿರಾಡಿದರೆ ನೋವು ಅಂದರೆ ನ್ಯುಮೋನಿಯಾ, ಶ್ವಾಸಕೋಶದ ರಕ್ತ ಹೆಪ್ಪು ಎರಡನ್ನೂ ಯೋಚಿಸಬೇಕು. ಆಮೇಲೆ ಕೆಳಹೊಟ್ಟೆ. ಬಿಳುಪು ಹೋಗ್ತಿದೆಯಾ, ಸೇರುವಾಗ ನೋವಿದೆಯಾ ಎಂದು ಕೇಳಬೇಕು. ಒಳಪರೀಕ್ಷೆಯಲ್ಲಿ ಗರ್ಭಕೋಶದ ಬಾಯನ್ನು ಅಲುಗಿಸಿದಾಗ ರೋಗಿ ಬೆಚ್ಚಿಬಿದ್ದರೆ ಅರ್ಧ ಉತ್ತರ ಸಿಕ್ಕಿದಂತೆ. ಆದರೆ ಅತ್ತೆ ಮಂಚದ ಪಕ್ಕದಲ್ಲೇ ನಿಂತಿರುವಾಗ ಇದನ್ನೆಲ್ಲ ಕೇಳಿದರೆ ‘ಇಲ್ಲ’ ಅನ್ನೋದು ಬಿಟ್ಟು ಇನ್ನೇನು ಹೇಳ್ತಾರೆ? ನಿಮ್ಮ ಎರಡನೇ ಡಾಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿದರಲ್ಲ, ನನ್ನ ಪ್ರಕಾರ ಕಾಯಿಲೆ ಸಿಕ್ಕಿದ್ದು ಅದರಿಂದಲೇ.

ಯಜಮಾನರ ವಿಷಯ. ಕ್ಲಮಿಡಿಯಾ ಏನೂ ತೋರಿಸಿಕೊಳ್ಳದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದ ಮೇಲೂ ಒಳಗಿರಬಲ್ಲದು. ಯಾರಿಂದ ಬಂತು, ಯಾವಾಗ ಬಂತು ಎಂದು ರಿಪೋರ್ಟ್ ಹೇಳುವುದಿಲ್ಲ. ಅದನ್ನು ಹಿಡಿದುಕೊಂಡು ಜಗಳಕ್ಕಿಳಿಯಬೇಡಿ. ಆದರೆ ಅವರಿಗೂ ಚಿಕಿತ್ಸೆ ಆಗಲೇಬೇಕು.

ಪ್ರಶ್ನೆ (ಹೌಸ್ ಸರ್ಜನ್):
ಮೇಡಂ, ಸಿಟಿ ಮಾಡಿದರೆ ಗೊತ್ತಾಗುತ್ತಾ?

ಉತ್ತರ:
ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ರಕ್ತಕ್ಕೆ ಕೊಡುವ ಔಷಧಿ) ಕೊಟ್ಟು, ಅದು ಅಪಧಮನಿಗಳಲ್ಲಿರುವ ಆರ್ಟೀರಿಯಲ್ ಹಂತದಲ್ಲಿ ತೆಗೆದರೆ ಲಿವರ್‌ನ ಅಂಚು ಬೆಳ್ಳಗೆ ಹೊಳೆಯುವುದು ಕಾಣಬಹುದು. ಸುಮ್ನೆ ‘ಹೊಟ್ಟೆ ನೋವು’ ಅಂತ ಬರೆದು ಕಾಂಟ್ರಾಸ್ಟ್ ಇಲ್ಲದ ಪ್ಲೇನ್ ಸಿಟಿಗೆ ಕಳಿಸಿದರೆ ಕಾಣುವುದಿಲ್ಲ. ಖಚಿತ ಅಂದರೆ ಲ್ಯಾಪ್ರೊಸ್ಕೋಪಿ (ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ಹೊಟ್ಟೆಯೊಳಗೆ ನೋಡುವುದು), ಆದರೆ ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಸ್ವಾಬ್ ತೆಗೆದು, ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡು: ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಜೊತೆಗೆ ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್ 14 ದಿನ. ಬಸುರಿಯಾದರೆ ಡಾಕ್ಸಿ ಬೇಡ, ಅಡ್ಮಿಟ್ ಮಾಡಿಸು. 72 ಗಂಟೆಯಲ್ಲಿ ಸುಧಾರಿಸದಿದ್ದರೆ ಕೀವುಗಡ್ಡೆ ಇದೆಯಾ ಎಂದು ಹುಡುಕಬೇಕು. ನಮ್ಮಲ್ಲಿ ಹೊಟ್ಟೆಯ ಟಿಬಿಯನ್ನೂ ಮರೆಯಬೇಡ.

ಪ್ರಶ್ನೆ:
ಮೇಡಂ, ನನ್ನ ತಮ್ಮನಿಗೆ ಜ್ವರ, ಮಣಿಕಟ್ಟು ಊದಿದೆ. ನಿನ್ನೆಯಿಂದ ಮೊಣಕಾಲೂ ಊದಿ ಬಿಸಿಯಾಗಿದೆ. ಕೈ ಮೇಲೆ ಎರಡು ಮೂರು ಕೀವಿನ ಗುಳ್ಳೆ. ಚಿಕುನ್‌ಗುನ್ಯಾ ಅಂದರು, ಟೆಸ್ಟ್ ನೆಗೆಟಿವ್.

ಉತ್ತರ:
ಇವತ್ತೇ ಕರೆದುಕೊಂಡು ಹೋಗಿ, ನಾಳೆ ಅನ್ನಬೇಡಿ. ಚಿಕುನ್‌ಗುನ್ಯಾದ ಐಜಿಎಂ ರಕ್ತಪರೀಕ್ಷೆ ಮೊದಲ ಐದಾರು ದಿನ ನೆಗೆಟಿವ್ ಬರಬಹುದು ಅನ್ನೋದು ನಿಜ. ಆದರೆ ಆ ಜ್ವರಕ್ಕೆ ಕೀವಿನ ಗುಳ್ಳೆ ಹೊಂದುವುದಿಲ್ಲ. ಬಿಸಿಯಾಗಿ ಊದಿದ ಮೊಣಕಾಲಲ್ಲಿ ಕೀವಿದ್ದರೆ ಕೀಲು ಬೇಗ ಹಾಳಾಗುತ್ತದೆ. ಸ್ಟ್ಯಾಫ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ರಕ್ತಕ್ಕೆ ಸೇರಿದ ಗೊನೋರಿಯಾವೂ ಇರಬಹುದು. ಗೊನೋರಿಯಾ ಹೀಗೆ ಹರಡಿದಾಗ ಎಷ್ಟೋ ಸಲ ಮೂತ್ರದ ಉರಿ, ಸ್ರಾವ ಏನೂ ಇರುವುದಿಲ್ಲ. ಹಾಗಾಗಿ ಕೇಳಿದರೂ ‘ಏನಿಲ್ಲ’ ಅಂತಾರೆ. ಕೀಲಿನ ನೀರಿನ ಕಲ್ಚರ್‌ನಲ್ಲೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ರೋಗಾಣು ಬೆಳೆಯುವುದಿಲ್ಲ. ಅದಕ್ಕೇ ಆಂಟಿಬಯೋಟಿಕ್‌ಗೆ ಮೊದಲು ರಕ್ತ, ಮೂತ್ರ, ಗಂಟಲು, ಗುದದ್ವಾರದ ಸ್ವಾಬ್ ಎಲ್ಲಾ ತೆಗೆಯಬೇಕು. ದಯವಿಟ್ಟು ಅವನನ್ನು ಡಾಕ್ಟರ್ ಜೊತೆ ಒಬ್ಬನನ್ನೇ ಬಿಡಿ.

ಪ್ರಶ್ನೆ (ಮೊದಲು ಕೇಳಿದವರು):
ಥ್ಯಾಂಕ್ಸ್ ಡಾಕ್ಟ್ರೇ. ಯಜಮಾನರು ‘ನನಗೇನಾಗಿದೆ’ ಅಂತಾರೆ. ನನ್ನ ಮಾತ್ರೆಯಲ್ಲೇ ಅರ್ಧ ಕೊಡಲಾ?

ಉತ್ತರ:
ಬೇಡಮ್ಮ, ಇಬ್ಬರದ್ದೂ ಅರ್ಧಂಬರ್ಧ ಆಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗಾಗಿ ಸುರಕ್ಷಾ ಕ್ಲಿನಿಕ್ ಇರುತ್ತದೆ, ಚಿಕಿತ್ಸೆ ಉಚಿತ, ವಿಷಯ ಗುಟ್ಟಾಗಿರುತ್ತದೆ. ಇಬ್ಬರೂ ಹೋಗಿ, ಎಚ್‌ಐವಿ, ಸಿಫಿಲಿಸ್ ಟೆಸ್ಟನ್ನೂ ಮಾಡಿಸಿಕೊಳ್ಳಿ. ಇಬ್ಬರ ಕೋರ್ಸ್ ಮುಗಿಯುವವರೆಗೆ ಸೇರಬೇಡಿ. ಡಾಕ್ಸಿ ಮಾತ್ರೆಯನ್ನು ಲೋಟದ ತುಂಬಾ ನೀರಲ್ಲಿ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಎದೆ ಉರಿಯುತ್ತದೆ. ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಟೆಸ್ಟ್ ಮಾಡಿಸಿ.