ಏರ್‌ಫ್ಲೋ ವೇಳಾಪಟ್ಟಿಯಲ್ಲಿ ದಿನಾಂಕ ಹಿಂದೆ ಬೀಳುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಹಾಲು ಒಕ್ಕೂಟದ ಸಂಗ್ರಹಣೆಯ ಲೆಕ್ಕ ನೋಡಿಕೊಳ್ಳುವ ಸಣ್ಣ ತಂಡದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳ್ಳಿಯ ಸಂಘಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಅಳೆದ ಹಾಲಿನ ಪ್ರಮಾಣ, ಜಿಡ್ಡಿನಂಶ ಹಾಗೂ ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಅಂಕಿಗಳು ರಾತ್ರಿ ಹನ್ನೊಂದರೊಳಗೆ ನಮ್ಮ ಸರ್ವರಿಗೆ ಬಂದು ಸೇರುತ್ತವೆ. ಅವುಗಳನ್ನು ಒಟ್ಟುಗೂಡಿಸಿ, ದರಪಟ್ಟಿಯೊಂದಿಗೆ ಹೊಂದಿಸಿ, ಬೆಳಿಗ್ಗೆ ಆರರೊಳಗೆ ಹಿಂದಿನ ದಿನದ ಬಟವಾಡೆ ಪಟ್ಟಿಯನ್ನು ಸಂಘವಾರು ಸಿದ್ಧಪಡಿಸಬೇಕು.

ಇದಕ್ಕಾಗಿ, ಕೆಲಸಗಳನ್ನು ನಿಗದಿತ ವೇಳೆಗೆ ಓಡಿಸುವ ತಂತ್ರಾಂಶವಾದ ಏರ್‌ಫ್ಲೋ 2.8ರಲ್ಲಿ ಒಂದು ಡ್ಯಾಗ್ (ಟಾಸ್ಕ್ ಎಂಬ ಹೆಜ್ಜೆಗಳನ್ನು ಕ್ರಮವಾಗಿ ಜೋಡಿಸಿದ ಕಾರ್ಯಸರಣಿ) ಬರೆದು, ರಾತ್ರಿ ಎರಡು ಗಂಟೆಗೆ ಓಡಲೆಂದು ‘0 2 * * *’ ಎಂಬ, ಓಡುವ ವೇಳೆಯನ್ನು ಸೂಚಿಸುವ ಕ್ರಾನ್ ಸಾಲನ್ನು ಕೊಟ್ಟಿದ್ದೇವೆ. ಆದರೆ ಅದು ಬೆಳಿಗ್ಗೆ ಏಳೂವರೆಗೆ ಓಡುತ್ತಿದೆ. ಮೇಲಾಗಿ, 11ನೇ ತಾರೀಖು ಓಡಿದ ರನ್‌ನ ಮೇಲೆ 10ನೇ ತಾರೀಖು ನಮೂದಾಗಿರುತ್ತದೆ. ಪರೀಕ್ಷೆಗೆಂದು ಡ್ಯಾಗನ್ನು ಚಾಲೂ ಮಾಡಿದ ಕೂಡಲೇ ಎಷ್ಟೋ ಹಳೆಯ ದಿನಗಳ ರನ್‌ಗಳು ಒಮ್ಮೆಲೇ ಸಾಲುಗಟ್ಟಿ ಓಡತೊಡಗಿದವು. ಇನ್ನೊಂದು ಸಂದೇಹವೂ ಇದೆ: ದರಪಟ್ಟಿಯನ್ನು ತರುವ ಬೇರೊಂದು ಡ್ಯಾಗ್ ಒಂದು ಗಂಟೆಗೆ ಓಡುವಂತಿದ್ದು, ಎರಡು ಗಂಟೆಯ ಹೊತ್ತಿಗೆ ಅದು ಮುಗಿದಿರುತ್ತದೆ ಎಂಬ ನಂಬಿಕೆಯ ಮೇಲೆ ಎಲ್ಲವೂ ನಿಂತಿದೆ. ಇದನ್ನು ಸರಿಯಾದ ಕ್ರಮದಲ್ಲಿ ಕಟ್ಟುವುದು ಹೇಗೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಮಸ್ಕಾರ. ಏಳೂವರೆಯ ಕಾರಣ ಸರಳವಾದದ್ದು. ಬೇರೆ ಏನನ್ನೂ ಹೇಳದಿದ್ದರೆ ಏರ್‌ಫ್ಲೋ ಕ್ರಾನ್ ಸಾಲನ್ನು ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯದಲ್ಲಿ ಓದುತ್ತದೆ. ಅಲ್ಲಿನ ಎರಡು ಗಂಟೆಗೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಏಳೂವರೆ. ಕೆಲವರು ‘30 20 * * *’ (ಯುಟಿಸಿಯ 20:30) ಎಂದು ಬರೆದು ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಅದು ಓಡುತ್ತದೆ ನಿಜ, ಆದರೆ ಆರು ತಿಂಗಳ ನಂತರ ಆ ಕಡತವನ್ನು ತೆರೆಯುವ ಹೊಸಬರಿಗೆ ಏನೂ ಅರ್ಥವಾಗುವುದಿಲ್ಲ. ಡ್ಯಾಗ್‌ನ ಆರಂಭದ ದಿನಾಂಕಕ್ಕೆ ಪೆಂಡ್ಯುಲಮ್ ಎಂಬ ಪೈಥಾನ್ ಲೈಬ್ರರಿಯ ಮೂಲಕ ‘ಏಷ್ಯಾ/ಕೋಲ್ಕತಾ’ ಸಮಯವಲಯವನ್ನು ಕೊಟ್ಟರೆ ಸಾಕು, ಕ್ರಾನ್ ಸಾಲನ್ನೂ ಆ ವಲಯದಲ್ಲಿಯೇ ಓದಲಾಗುತ್ತದೆ.

ದಿನಾಂಕದ ವಿಷಯ ಸ್ವಲ್ಪ ಆಳವಾದದ್ದು. 2014ರಲ್ಲಿ ಏರ್‌ಬಿಎನ್‌ಬಿ ಸಂಸ್ಥೆಯೊಳಗೆ ಹುಟ್ಟಿದ ಏರ್‌ಫ್ಲೋ, ಮೊದಲಿನಿಂದಲೂ ನಿಗದಿತ ಅವಧಿಯ ದತ್ತಾಂಶವನ್ನು ಒಟ್ಟಾಗಿ ಸಂಸ್ಕರಿಸುವ ಕೆಲಸಕ್ಕಾಗಿ ರೂಪುಗೊಂಡದ್ದು. ಅಂಗಡಿಯವರು ರಾತ್ರಿ ಬಾಗಿಲು ಹಾಕಿದ ಮೇಲೆ ಲೆಕ್ಕ ಬರೆದರೂ ಪುಟದ ತಲೆಯ ಮೇಲೆ ವ್ಯಾಪಾರ ನಡೆದ ದಿನವನ್ನೇ ಹಾಕುವಂತೆ, ಅದರ ಪ್ರತಿಯೊಂದು ರನ್ ಕೂಡ ಒಂದು ದತ್ತಾಂಶ ಅವಧಿಗೆ ಸೇರಿರುತ್ತದೆ ಮತ್ತು ಆ ಅವಧಿ ಮುಗಿದ ಮೇಲೆಯೇ ಓಡುತ್ತದೆ. ರನ್‌ನ ಮೇಲೆ ಕಾಣುವ ತಾರ್ಕಿಕ ದಿನಾಂಕವು ಅವಧಿಯ ಆರಂಭವನ್ನು ಸೂಚಿಸುತ್ತದೆಯೇ ಹೊರತು ಓಡಿದ ಗಳಿಗೆಯನ್ನಲ್ಲ. ಇದನ್ನು ಮೊದಲು ‘ಎಕ್ಸಿಕ್ಯೂಷನ್ ಡೇಟ್’ ಎಂದು ಕರೆಯುತ್ತಿದ್ದುದರಿಂದ ಬಹಳ ಜನ ದಾರಿ ತಪ್ಪುತ್ತಿದ್ದರು. 2021ರಲ್ಲಿ ಬಂದ 2.2ನೇ ಆವೃತ್ತಿಯಲ್ಲಿ ಅದರ ಬದಲು ‘ಲಾಜಿಕಲ್ ಡೇಟ್’ ಎಂಬ ಹೆಸರನ್ನು ತಂದರು. ಆದ್ದರಿಂದ ನೀವು ಕಂಡದ್ದು ದೋಷವಲ್ಲ. 10ನೇ ತಾರೀಖಿನ ಎರಡೂ ಹೊತ್ತಿನ ಹಾಲಿನ ಲೆಕ್ಕಕ್ಕೆ 10 ಎಂದೇ ಹೆಸರಿರಬೇಕು.

ಹಳೆಯ ರನ್‌ಗಳು ಓಡಿದ್ದಕ್ಕೆ ‘ಕ್ಯಾಚಪ್’ ಕಾರಣ. ಎರಡನೇ ಸರಣಿಯ ಆವೃತ್ತಿಗಳಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ. ಆರಂಭದ ದಿನಾಂಕದಿಂದ ಇಂದಿನವರೆಗೆ ಬಾಕಿಯಿರುವ ಪ್ರತಿಯೊಂದು ಅವಧಿಗೂ ಒಂದೊಂದು ರನ್ ಹುಟ್ಟುತ್ತದೆ. ಅದನ್ನು ‘ಫಾಲ್ಸ್’ ಮಾಡಿದರೂ ಕೊನೆಯದಾಗಿ ಮುಗಿದ ಅವಧಿಯ ರನ್ ಒಂದು ಓಡಿಯೇ ಓಡುತ್ತದೆ ಎಂಬುದು ಗಮನದಲ್ಲಿರಲಿ. ಹಳೆಯ ದಿನಗಳ ಲೆಕ್ಕ ನಿಜವಾಗಿಯೂ ಬೇಕೆನಿಸಿದಾಗ ‘ಬ್ಯಾಕ್‌ಫಿಲ್’ ಆದೇಶದಿಂದ ಬೇಕಾದಷ್ಟು ದಿನಗಳನ್ನು ಮಾತ್ರ ಓಡಿಸಬಹುದು.

ಪ್ರಶ್ನೆ ಕೇಳಿದವರು

ವಿವರವಾದ ಉತ್ತರಕ್ಕಾಗಿ ಧನ್ಯವಾದಗಳು ಸರ್. ಸಮಯವಲಯ ಬದಲಿಸಿದ ಮೇಲೆ ಡ್ಯಾಗ್ ಸರಿಯಾಗಿ ರಾತ್ರಿ ಎರಡಕ್ಕೇ ಓಡುತ್ತಿದೆ. ಆದರೆ ಎಸ್‌ಕ್ಯೂಎಲ್‌ನಲ್ಲಿ ದಿನಾಂಕಕ್ಕಾಗಿ ಬಳಸುವ ‘ಡಿಎಸ್’ ಎಂಬ ಟೆಂಪ್ಲೇಟ್ (ಓಡುವಾಗ ಏರ್‌ಫ್ಲೋ ತಾನೇ ತಾರ್ಕಿಕ ದಿನಾಂಕ ತುಂಬುವ ಜಾಗ), ಈಗ 11ರಂದು ಓಡುವ ರನ್‌ನಲ್ಲಿ 10ರ ಬದಲು 9 ಎಂದು ತೋರಿಸುತ್ತಿದೆ. ಸಮಯ ಸರಿಹೋದಾಗ ದಿನಾಂಕ ಇನ್ನೂ ಒಂದು ದಿನ ಹಿಂದೆ ಸರಿದದ್ದೇಕೆ?

ಉತ್ತರ 2

ಇಲ್ಲಿ ಬೆರಳಿಟ್ಟು ಎಣಿಸಿದರೆ ಗೊತ್ತಾಗುತ್ತದೆ. ನಿಮ್ಮ ಅವಧಿ 10ನೇ ತಾರೀಖು ರಾತ್ರಿ 2 ಗಂಟೆಗೆ ಆರಂಭವಾಗುತ್ತದೆ. ಭಾರತೀಯ ಕಾಲಮಾನದ ಆ ಗಳಿಗೆ ಯುಟಿಸಿಯಲ್ಲಿ 9ನೇ ತಾರೀಖಿನ 20:30. ವೇಳಾಪಟ್ಟಿಯನ್ನು ನಿಮ್ಮ ವಲಯದಲ್ಲಿ ಓದಿದರೂ, ಟೆಂಪ್ಲೇಟುಗಳಿಗೆ ಏರ್‌ಫ್ಲೋ ಒದಗಿಸುವ ಸಮಯ ಯುಟಿಸಿಯಲ್ಲಿಯೇ ಇರುತ್ತದೆ. ಅದನ್ನು ಸ್ಥಳೀಯ ಸಮಯಕ್ಕೆ ಪರಿವರ್ತಿಸುವ ಹೊಣೆ ಡ್ಯಾಗ್ ಬರೆಯುವವರದು. ಹಾಗಾಗಿ ‘ಡಿಎಸ್’ ಅನ್ನು ನೇರವಾಗಿ ಬಳಸದೆ, ‘ಡೇಟಾ ಇಂಟರ್‌ವಲ್ ಸ್ಟಾರ್ಟ್’ ಅನ್ನು ತೆಗೆದುಕೊಂಡು ‘ಇನ್ ಟೈಮ್‌ಝೋನ್’ ಮೂಲಕ ಕೋಲ್ಕತಾ ವಲಯಕ್ಕೆ ತಂದು, ಆಮೇಲೆ ದಿನಾಂಕವನ್ನು ಬೇರ್ಪಡಿಸಿಕೊಳ್ಳಿ. ಭಾರತದಲ್ಲಿ ಬೆಳಗಿನ ಐದೂವರೆಗೆ ಮೊದಲು ಓಡುವ ಯಾವ ಡ್ಯಾಗ್‌ಗೂ ಈ ತೊಡಕು ತಪ್ಪಿದ್ದಲ್ಲ.

ಇದಕ್ಕೆ ಹೊಂದಿಕೊಂಡೇ ಒಂದು ಮಾತು ಹೇಳಬೇಕು. ಟಾಸ್ಕ್‌ನೊಳಗೆ ‘ಇಂದಿನ ದಿನಾಂಕ’ ಕೇಳುವ ಪೈಥಾನ್ ಸಾಲು ಎಲ್ಲಿಯೂ ಇರಬಾರದು. ಅದಿದ್ದರೆ, ಹೋದ ವಾರದ ರನ್ ಒಂದನ್ನು ಇಂದು ಮತ್ತೆ ಓಡಿಸಿದಾಗ ಹೋದ ವಾರದ ಬದಲು ಇಂದಿನ ಲೆಕ್ಕ ಬರುತ್ತದೆ. ಫಲಿತಾಂಶ ಬರೆಯುವಾಗಲೂ ಅಷ್ಟೇ: ಆ ದಿನಾಂಕದ ಸಾಲುಗಳನ್ನು ಅಳಿಸುವುದು ಮತ್ತು ಹೊಸದಾಗಿ ಸೇರಿಸುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲವೇ ಏನೂ ಆಗದಂತೆ) ಆಗಬೇಕು. ನಡುವೆ ಸಂಪರ್ಕ ಕಡಿದು ಟಾಸ್ಕ್ ಮರುಪ್ರಯತ್ನಕ್ಕೆ ಹೋದಾಗ, ಕೇವಲ ಸೇರಿಸುತ್ತ ಹೋಗುವ ಕೋಡ್ ಒಬ್ಬ ರೈತನ ಒಂದೇ ಹೊತ್ತಿನ ಹಾಲಿಗೆ ಎರಡು ಬಾರಿ ಹಣ ತೋರಿಸಿಬಿಡಬಹುದು. ಬಟವಾಡೆಯ ಲೆಕ್ಕದಲ್ಲಿ ಅಂತಹದಕ್ಕೆ ಎಡೆ ಇರಕೂಡದು.

ಉತ್ತರ 3

ದರಪಟ್ಟಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಇಲ್ಲಿನ ಅತಿ ದುರ್ಬಲವಾದ ಕೊಂಡಿ. ಒಂದು ಗಂಟೆಯ ಅಂತರ ಸಾಕೆಂಬುದು ಊಹೆ. ದರಪಟ್ಟಿ ಬರುವುದು ತಡವಾದ ರಾತ್ರಿ ಎರಡನೇ ಡ್ಯಾಗ್ ಹಳೆಯ ದರವನ್ನೇ ಹಿಡಿದು, ಯಾವ ದೂರೂ ಹೇಳದೆ, ಯಶಸ್ಸಿನ ಹಸಿರು ಬಣ್ಣ ತೋರಿಸಿ ಮುಗಿಯುತ್ತದೆ.

ಹೆಚ್ಚಿನವರು ಮೊದಲು ಹಿಡಿಯುವುದು, ಬೇರೊಂದು ಡ್ಯಾಗ್‌ನ ಕೆಲಸ ಮುಗಿಯುವವರೆಗೆ ಕಾಯುವ ‘ಎಕ್ಸ್‌ಟರ್ನಲ್ ಟಾಸ್ಕ್ ಸೆನ್ಸರ್’ ಅನ್ನು. ಬಳಸಬಹುದು, ಆದರೆ ಅದು ತನ್ನದೇ ತಾರ್ಕಿಕ ದಿನಾಂಕವುಳ್ಳ ರನ್ನನ್ನು ಹುಡುಕುತ್ತದೆ. ನಿಮ್ಮ ಒಂದು ಡ್ಯಾಗ್ ಒಂದು ಗಂಟೆಯದು, ಮತ್ತೊಂದು ಎರಡು ಗಂಟೆಯದು. ‘ಎಕ್ಸಿಕ್ಯೂಷನ್ ಡೆಲ್ಟಾ’ ಎಂದು ಒಂದು ಗಂಟೆಯ ವ್ಯತ್ಯಾಸವನ್ನು ಸ್ಪಷ್ಟವಾಗಿ ಕೊಡದಿದ್ದರೆ ಅವೆರಡೂ ಎಂದಿಗೂ ಸಂಧಿಸುವುದಿಲ್ಲ. ಸೆನ್ಸರ್‌ನ ಕಾಯುವ ಮಿತಿ ಮೂಲದಲ್ಲಿ ಏಳು ದಿನಗಳಷ್ಟಿದ್ದು, ‘ಪೋಕ್’ ವಿಧಾನದಲ್ಲಿ ಅಷ್ಟು ಕಾಲವೂ ಒಂದು ವರ್ಕರ್ ಜಾಗವನ್ನು ಹಿಡಿದು ಕೂರುತ್ತದೆ. ನಡುನಡುವೆ ಆ ಜಾಗವನ್ನು ಬಿಟ್ಟುಕೊಡುವ ‘ರೀಶೆಡ್ಯೂಲ್’ ವಿಧಾನಕ್ಕೆ ಬದಲಿಸಿ, ಮಿತಿಯನ್ನು ಎರಡು ಗಂಟೆಗೆ ಇಳಿಸಿದರೆ ನಾಲ್ಕು ಗಂಟೆಯ ಹೊತ್ತಿಗೆ ವಿಫಲವಾದ ಸೂಚನೆ ಕೈಸೇರುತ್ತದೆ, ಆರರೊಳಗೆ ಸರಿಪಡಿಸಲು ಸಮಯವೂ ಉಳಿಯುತ್ತದೆ.

2.4ನೇ ಆವೃತ್ತಿಯಿಂದ ಇರುವ ‘ಡೇಟಾಸೆಟ್’ ವೇಳಾಪಟ್ಟಿ ಮತ್ತೊಂದು ದಾರಿ. ದರಪಟ್ಟಿಯ ಟಾಸ್ಕ್ ಯಶಸ್ವಿಯಾಗಿ ಮುಗಿದಾಗಲೇ ಎರಡನೇ ಡ್ಯಾಗ್ ಹೊರಡುತ್ತದೆ. ಆದರೆ ಏರ್‌ಫ್ಲೋ ಕಡತದ ಒಳಗೆ ಇಣುಕಿ ನೋಡುವುದಿಲ್ಲ. ಖಾಲಿ ದರಪಟ್ಟಿ ಬಂದು ಟಾಸ್ಕ್ ಯಶಸ್ವಿ ಎಂದರೂ ಅದು ಮುಂದಕ್ಕೆ ಹೋಗುತ್ತದೆ. ಸಾಲುಗಳ ಸಂಖ್ಯೆ ಮತ್ತು ದರದ ಜಾರಿ ದಿನಾಂಕವನ್ನು ಪರೀಕ್ಷಿಸಿ, ಸರಿಯಿಲ್ಲದಿದ್ದರೆ ವಿಫಲವಾಗುವ ಹೆಜ್ಜೆಯೊಂದನ್ನು ಅದೇ ಟಾಸ್ಕ್‌ನಲ್ಲಿ ನೀವೇ ಸೇರಿಸಬೇಕು. ನಿಮ್ಮಂತೆ ದಿನಕ್ಕೊಂದೇ ಲೆಕ್ಕವಿದ್ದು ಎರಡೂ ಡ್ಯಾಗ್‌ಗಳನ್ನು ಒಂದೇ ತಂಡ ನೋಡಿಕೊಳ್ಳುವಲ್ಲಿ, ಎರಡನ್ನೂ ಬೆಸೆದು ಒಂದೇ ಡ್ಯಾಗ್ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಉತ್ತರ 4

ಉತ್ತರ 2ರ ಸಲಹೆಯನ್ನು ಅಳವಡಿಸಿಕೊಳ್ಳುವವರು, ಮೂರನೇ ಸರಣಿಗೆ ಹೋಗುವ ಯೋಜನೆಯಿದ್ದರೆ ಒಂದು ಸಂಗತಿಯನ್ನು ಈಗಲೇ ತಿಳಿದಿರಬೇಕು. 2025ರ ಏಪ್ರಿಲ್‌ನಲ್ಲಿ ಬಂದ ಏರ್‌ಫ್ಲೋ 3.0ದಲ್ಲಿ ಕ್ರಾನ್ ಸಾಲಿನ ಮೂಲ ಅರ್ಥವೇ ಬದಲಾಗಿದೆ. ಅಲ್ಲಿ ಅವಧಿಯ ಆರಂಭ ಮತ್ತು ಅಂತ್ಯ ಎರಡೂ ರನ್ ಹೊರಟ ಗಳಿಗೆಯೇ ಆಗಿರುತ್ತವೆ. ಅಂದರೆ 11ರ ರಾತ್ರಿ ಎರಡಕ್ಕೆ ಓಡುವ ರನ್ 11ನೇ ತಾರೀಖಿನ ಹಾಲನ್ನು ಹುಡುಕುತ್ತದೆ. ಆಗಿನ್ನೂ ಯಾವ ಸಂಘದಲ್ಲಿಯೂ ಒಂದು ಲೀಟರ್ ಕೂಡ ಅಳೆದಿರುವುದಿಲ್ಲ. ಕ್ಯಾಚಪ್ ಕೂಡ ಅಲ್ಲಿ ತಾನಾಗಿಯೇ ಮುಚ್ಚಿರುತ್ತದೆ, ಆದ್ದರಿಂದ ಸರ್ವರ್ ನಿಂತಿದ್ದ ದಿನಗಳ ಲೆಕ್ಕ ತಾನೇ ತುಂಬಿಕೊಳ್ಳುತ್ತದೆ ಎಂದು ನಂಬಿದವರಿಗೂ ತೊಂದರೆಯಾಗುತ್ತದೆ.

ಕ್ರಾನ್ ಸಾಲನ್ನು ಬರೀ ಪದಗುಚ್ಛವಾಗಿ ಕೊಡದೆ, ‘ಕ್ರಾನ್ ಡೇಟಾ ಇಂಟರ್‌ವಲ್ ಟೈಮ್‌ಟೇಬಲ್’ ಎಂಬುದನ್ನು ಸಮಯವಲಯದೊಂದಿಗೆ ಡ್ಯಾಗ್‌ನಲ್ಲಿಯೇ ಸ್ಪಷ್ಟವಾಗಿ ಬರೆಯಿರಿ. ಕ್ಯಾಚಪ್ ಮೌಲ್ಯವನ್ನೂ ಹಾಗೆಯೇ ನಮೂದಿಸಿ. ಆಗ ಎರಡೂ ಸರಣಿಗಳಲ್ಲಿ ನಡವಳಿಕೆ ಒಂದೇ ಆಗಿರುತ್ತದೆ. ಹೊಸ ಆವೃತ್ತಿಯನ್ನು ಬಟವಾಡೆಗೆ ಬಳಸುವ ಮೊದಲು, ಹಳೆಯದರಲ್ಲಿ ಓಡಿದ ಒಂದೇ ದಿನದ ರನ್ನನ್ನು ಹೊಸದರಲ್ಲಿಯೂ ಓಡಿಸಿ, ಸಂಘವಾರು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಿ.