ಮಾನನಷ್ಟ ಕೇಸು: ಪ್ರತಿ ವಾಯಿದೆಗೂ ಮುಂಬೈಯಿಂದ ಉಡುಪಿಗೆ ಬರಬೇಕಾ?

ಪ್ರಶ್ನೆ: ಈ ಗ್ರೂಪಿನ ವಕೀಲರೇ, ನಮಸ್ಕಾರ. ನಾನು ಮುಂಬೈಯಲ್ಲಿ ಹೋಟೆಲ್ ಕ್ಯಾಷಿಯರ್. ಹೋದ ವರ್ಷ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಜಾತ್ರೆ ಲೆಕ್ಕದ ಬಗ್ಗೆ ಏನೋ ಬರೆದೆ. ಅದಕ್ಕೆ ಉಡುಪಿ ಕೋರ್ಟಿನಲ್ಲಿ ಮಾನನಷ್ಟದ ದೂರು ಹಾಕಿದ್ದಾರೆ, ಮನೆಗೆ ಸಮನ್ಸ್ ಬಂದಿದೆ. ಪ್ರತಿ ಸಲ ರಜೆ ಹಾಕಿ ಮತ್ಸ್ಯಗಂಧ ರೈಲು ಹತ್ತಿದರೆ ಕೆಲಸ ಉಳಿಯುವುದಿಲ್ಲ. ನನ್ನ ಬದಲು ನನ್ನ ವಕೀಲರು ಹೋದರೆ ಸಾಕಾಗುವುದಿಲ್ವಾ?

ಉತ್ತರ: ಸಾಕಾಗಬಹುದು, ಆದರೆ ಕೋರ್ಟ್ ಒಪ್ಪಬೇಕು. ಮೊದಲು ಆ ಕಾಗದ ಸರಿಯಾಗಿ ಓದಿ. ಈಗ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ವಿಚಾರಣೆಯ ಕಾನೂನು) ಸೆಕ್ಷನ್ 223ರ ಪ್ರಕಾರ ಖಾಸಗಿ ದೂರನ್ನು, ಅಂದರೆ ನೇರ ಕೋರ್ಟಿಗೇ ಕೊಟ್ಟ ದೂರನ್ನು, ಕೈಗೆತ್ತಿಕೊಳ್ಳುವ ಮೊದಲೇ ಆರೋಪಿಯ ಮಾತು ಕೇಳಬೇಕು. ಅದಕ್ಕೆ ಬರುವ ನೋಟಿಸನ್ನೇ ಕೆಲವರು ಸಮನ್ಸ್ ಅಂದುಕೊಳ್ಳುತ್ತಾರೆ.

ಸಮನ್ಸೇ ಆಗಿದ್ದರೆ ಸೆಕ್ಷನ್ 228ರ ಕೆಳಗೆ ಖುದ್ದು ಹಾಜರಿಯಿಂದ ಖಾಯಂ ವಿನಾಯಿತಿ ಕೇಳಬಹುದು. ಸಿಆರ್‌ಪಿಸಿಯ ಹಳೆಯ 205 ಅಂದರೆ ಇದೇ. ಮಾನನಷ್ಟಕ್ಕೆ ಹೆಚ್ಚೆಂದರೆ 2 ವರ್ಷ ಸಜೆ, ಜಾಮೀನು ಸಿಗುವ ಅಪರಾಧ. ಹಾಗಾಗಿ ಅರ್ಜಿಗೆ ಬಲ ಇದೆ. 2001ರಲ್ಲಿ ಭಾಸ್ಕರ್ ಇಂಡಸ್ಟ್ರೀಸ್ ಎಂಬ ಚೆಕ್ ಬೌನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ತಕ್ಕ ಕಾರಣ ಇದ್ದರೆ ಮೊದಲ ಹಾಜರಿಯೂ ವಕೀಲರ ಮೂಲಕವೇ ಆಗಬಹುದು ಎಂದಿದೆ. ಆದರೆ ನೀವು ಬರೆದುಕೊಡಬೇಕು: ಆರೋಪಿ ನಾನೇ ಎಂಬುದರಲ್ಲಿ ತಕರಾರು ತೆಗೆಯುವುದಿಲ್ಲ, ನನ್ನ ವಕೀಲರು ಪ್ರತಿ ವಾಯಿದೆಗೂ ಇರುತ್ತಾರೆ, ನಾನಿಲ್ಲದಾಗ ಸಾಕ್ಷಿ ವಿಚಾರಣೆ ಆದರೆ ಆಕ್ಷೇಪ ಇಲ್ಲ.

"ದೂರ ಆಗುತ್ತದೆ" ಅಂತ ಸುಮ್ನೆ ಬರೆದರೆ ನಡೆಯುವುದಿಲ್ಲ. ಹೋಟೆಲಿನವರ ಪತ್ರ, ಸಂಬಳದ ಚೀಟಿ, ಅಲ್ಲಿನ ವಿಳಾಸದ ದಾಖಲೆ ಜೊತೆಗಿರಲಿ.

ಇನ್ನೊಬ್ಬರು: ನನ್ನ ಭಾವನ ವಕೀಲರು ಪ್ರತಿ ತಿಂಗಳೂ ಬೇರೆ ಅರ್ಜಿ ಹಾಕುತ್ತಿದ್ದರಲ್ಲ?

ಉತ್ತರ: ಅದು ಆ ಒಂದು ದಿನದ ಮಟ್ಟಿಗೆ ಕೇಳುವ ವಿನಾಯಿತಿ, ಈಗಿನ ಸೆಕ್ಷನ್ 355. ಜ್ವರಕ್ಕೋ ಮದುವೆಗೋ ಸರಿ. ಅದನ್ನೇ ಜಾಸ್ತಿ ಸಲ ಹಾಕಿದರೆ ಮ್ಯಾಜಿಸ್ಟ್ರೇಟರಿಗೆ ಬೇಸರ ಬರುತ್ತದೆ, ವಾರಂಟ್‌ವರೆಗೂ ಹೋಗಬಹುದು.

ಪ್ರಶ್ನೆ: ಹಾಗಾದರೆ ಬರುವುದೇ ಬೇಡವಾ ಸರ್?

ಉತ್ತರ: ಹಾಗಲ್ಲ ಮಾರಾಯ್ರೆ. ಯಾವ ಹಂತದಲ್ಲಾದರೂ ಬನ್ನಿ ಎಂದು ಕೋರ್ಟ್ ಹೇಳಬಹುದು. ತೀರ್ಪಿನ ದಿನಕ್ಕೆ ಟಿಕೆಟ್ ಮಾಡಿಡಿ. ದೂರು ಕೊಟ್ಟವರು ಒಪ್ಪಿದರೆ ರಾಜಿಯೂ ಆಗುತ್ತದೆ, ಹಿರಿಯರ ಮೂಲಕ ಒಂದು ಮಾತು ಆಡಿಸಿ ನೋಡಿ. ಮತ್ತೆ, ಆ ಜಾತ್ರೆ ಲೆಕ್ಕ ಇಲ್ಲಿ ಪುನಃ ಬರೆಯಬೇಡಿ. ಅವರೂ ಈ ಗ್ರೂಪಿನಲ್ಲಿ ಇರಬಹುದು!