ಡಕ್ಸ್‌ಬರಿಯ ಕೋಡ್ ಜೋಡಿಗೆ ಹೆಸರು ಬೇಕು, ಸೋಮವಾರದೊಳಗೆ

ಉತ್ತರ ಕೊಟ್ಟ ಎಲ್ಲರಿಗೂ ವಂದನೆ. ಪ್ಯಾರಾದ ಶುರು ಮತ್ತು ಕೊನೆ ತೋರಿಸುವ ಎರಡು ಕೋಡ್‌ಗಳನ್ನು ಕನ್ನಡದಲ್ಲಿ ಏನಂತ ಕರೆಯೋಣ ಅಂತ ಕೇಳಿದ್ದೆ. ಆದರೆ ನಾನು ಕೇಳಿದ್ದು ಒಂದು, ಚರ್ಚೆ ಹೋಗಿದ್ದು ಇನ್ನೊಂದು ಕಡೆ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಮಡಿಕೇರಿಯಲ್ಲಿ ಕಣ್ಣು ಕಾಣದ ಕೆಲವರಿಗೆ ಡಕ್ಸ್‌ಬರಿ (ಬರಹವನ್ನು ಬ್ರೈಲ್‌ಗೆ ಬದಲಿಸುವ ತಂತ್ರಾಂಶ) ಕಲಿಸಲು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಅವರು ಅದನ್ನು ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಕೇಳುತ್ತಾರೆ. ಡಕ್ಸ್‌ಬರಿಯಲ್ಲಿ ಆಲ್ಟ್ ಎಫ್3 ಒತ್ತಿದರೆ ಅಡಗಿದ್ದ ಕೋಡ್‌ಗಳು ಹೊರಬರುತ್ತವೆ. ಪ್ಯಾರಾ ಶುರುವಾಗುವ ಕಡೆ ಚೌಕ ಬ್ರಾಕೆಟ್ಟಿನೊಳಗೆ ‘ಇಎಸ್’, ಒಂದು ಟಿಲ್ಡೆ (~), ಆಮೇಲೆ ‘ಪ್ಯಾರಾ’. ಮುಗಿಯುವ ಕಡೆ ‘ಇಇ’, ಉಳಿದದ್ದೆಲ್ಲ ಅದೇ. ಕಿವಿಗೆ ಸಿಗುವ ವ್ಯತ್ಯಾಸ ಒಂದೇ ಅಕ್ಷರ. ಎನ್‌ವಿಡಿಎಯಲ್ಲಿ ಚಿಹ್ನೆಗಳ ಮಟ್ಟ ‘ಕೆಲವು’ ಅಂತಿದ್ದರೆ ಬ್ರಾಕೆಟ್ಟೂ ಕೇಳಿಸುವುದಿಲ್ಲ, ಟಿಲ್ಡೆಯೂ ಕೇಳಿಸುವುದಿಲ್ಲ. ಮಟ್ಟವನ್ನು ಹೆಚ್ಚಿಸಿಕೊಂಡೇ ತಿದ್ದಬೇಕು. ಜೋಡಿಯಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟರೆ ಪುಟ ಕೆಡುತ್ತದೆ.

ಈಗ, ‘ಕೋಡ್’ ಅನ್ನುವ ಮಾತಿನ ಬದಲಿಗೆ ಬಂದ ಸಲಹೆಗಳು. ‘ಸಂಕೇತ’ ಬೇಡ. ಬ್ರೈಲ್ ಓದುವವರಿಗೆ ಆರು ಚುಕ್ಕಿಯ ಪ್ರತಿ ಮನೆಯೂ ಸಂಕೇತವೇ. ‘ಗುರುತು’ ಕೂಡ ಬೇಡ, ಅಂಕಿಯ ಮುಂದೆ ಬರುವ 3-4-5-6 ಚುಕ್ಕಿಗಳಿಗೆ ಆ ಮಾತು ಆಗಲೇ ಹೋಗಿದೆ. ‘ಚಿಹ್ನೆ’ ಅಂದರೆ ಅಲ್ಪವಿರಾಮ, ಪೂರ್ಣವಿರಾಮ. ‘ಗುಟ್ಟುನುಡಿ’ ಅರ್ಥಕ್ಕೇ ಸರಿಯಿಲ್ಲ. ಇಲ್ಲಿ ಗುಟ್ಟು ಏನೂ ಇಲ್ಲ, ಸಾಲು ಹೇಗೆ ಕೂರಬೇಕು ಅನ್ನುವ ಸೂಚನೆ ಅಷ್ಟೇ.

ಕೊಡಗಿನ ಹೆಸರೇ ‘ಕೋಡು’ ಅನ್ನುವುದರಿಂದ ಬಂದಿದೆ, ಅದರ ಮೇಲೆ ಇಂಗ್ಲಿಷ್ ಕೋಡ್ ಹೇರಬೇಡಿ ಅಂತ ಒಬ್ಬರು ಉದ್ದಕ್ಕೆ ಬರೆದಿದ್ದಾರೆ. ಪಡುವಣ ಅನ್ನುವ ಅರ್ಥದ ‘ಕೊಡ’ ಅದರ ಮೂಲ ಅನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ. ‘ಕೋಡಿಗೆ’ ಬೇರೆ, ‘ಕೋಡ್‌ಗೆ’ ಬೇರೆ. ಕೇಳುವವರಿಗೆ ಗೊಂದಲ ಆಗುವುದಿಲ್ಲ. ‘ಕೋಡ್’ ಉಳಿಯುತ್ತದೆ.

ನನ್ನ ಕಷ್ಟ ಜೋಡಿಯದು. ‘ತೆರೆಯುವ ಕೋಡ್, ಮುಚ್ಚುವ ಕೋಡ್’ ಅಂತ ಮೊದಲು ಹಾಕಿದ್ದೆವು. ಆದರೆ ಆಲ್ಟ್ ಎಫ್3ರ ಪಾಠದಲ್ಲಿ ‘ಕೋಡ್ ಮುಚ್ಚಿ’ ಅಂತಲೂ ಇದೆ. ಒಂದು ಕಡೆ ಮುಚ್ಚುವುದು ಅಂದರೆ ಮರೆಮಾಡುವುದು, ಇನ್ನೊಂದು ಕಡೆ ಪ್ಯಾರಾ ಮುಗಿಸುವುದು. ಕೇಳಿ ಕಲಿಯುವವರು ಇಲ್ಲಿ ಖಂಡಿತ ಎಡವುತ್ತಾರೆ. ಅದಕ್ಕೆ ‘ಶುರು ಕೋಡ್, ಕೊನೆ ಕೋಡ್’ ಅಂತ ಬದಲಿಸಿ, ತೋರಿಸುವುದಕ್ಕೂ ಅಡಗಿಸುವುದಕ್ಕೂ ‘ತೋರಿಸು, ಅಡಗಿಸು’ ಇಡೋಣ ಅನ್ನಿಸುತ್ತದೆ.

‘ಶುರು’ ಅರಬ್ಬಿ, ತೆಗೆಯಿರಿ ಅಂತ ಅಪ್ಪಣೆ ಬಂದಿದೆ. ತೆಗೆಯುವುದಿಲ್ಲ. ನಮ್ಮ ತೋಟದಲ್ಲಿ ಲೈನ್‌ಮನೆ ಇದೆ, ರೈಟರ್ ಇದ್ದಾರೆ, ಕಾಫಿ ಹಣ್ಣು ಪಲ್ಪರ್‌ಗೆ ಹೋಗುತ್ತದೆ. ಇವು ಕನ್ನಡ ಅಲ್ವಾ? ಬ್ರೈಲ್ ಅನ್ನುವುದೂ ಫ್ರಾನ್ಸಿನ ಲೂಯಿ ಬ್ರೈಲ್ ಅವರ ಹೆಸರೇ. ಅದನ್ನು ಬಿಡಿ ಅಂತ ಯಾರೂ ಹೇಳುತ್ತಿಲ್ಲವಲ್ಲ. ಕಲಿಯುವವರ ಬಾಯಲ್ಲಿ ಇರುವ ಮಾತನ್ನು ಕಿತ್ತು, ನಿಘಂಟಿನಿಂದ ಹುಡುಕಿದ್ದನ್ನು ಹಾಕಿದರೆ ಅವರಿಗೆ ಒಂದರ ಬದಲು ಎರಡು ಪಾಠ ಕಲಿಯುವ ಹೊರೆ.

ಹಾಗಾಗಿ ನನಗೆ ಬೇಕಿರುವುದು ಇಷ್ಟು: ‘ಕೊನೆ ಕೋಡ್’ ಅಂದರೆ ಫೈಲಿನ ಕಟ್ಟಕಡೆಯ ಕೋಡ್ ಅಂತ ಯಾರಿಗಾದರೂ ಕೇಳಿಸುತ್ತದಾ? ಹಾಗಿದ್ದರೆ ‘ಮುಗಿಸುವ ಕೋಡ್’ ಮೇಲಾ? ಬರೆಯುವ ಮುಂಚೆ ದಯವಿಟ್ಟು ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ದನಿಯಲ್ಲಿ ಜೋರು ವೇಗಕ್ಕೆ ಹಾಕಿ ಒಂದು ಸಲ ಕೇಳಿ. ಸೋಮವಾರ ಬೆಳಗ್ಗೆ ಫೈಲ್ ಎಂಬಾಸರ್‌ಗೆ (ಬ್ರೈಲ್ ಮುದ್ರಿಸುವ ಯಂತ್ರಕ್ಕೆ) ಹೋಗುತ್ತದೆ.